ಚರಂಡಿಯಿಂದ ಮನಸ್ಸಿನವರೆಗೆ: ದಂಡು ಪ್ರದೇಶದ ಪಾಲಿಕೆ ಮತ್ತು ಮಹಾಮಾರಿಗಳ ಕಾಲ

ಪಾಲಿಕೆಗೆ ಮುಕ್ಕಾಲು ಶತಮಾನ ತುಂಬಿದ ನೆನಪಿನ ಈ ಸಂಚಿಕೆಯಲ್ಲಿ ರಸ್ತೆ, ಮಾರುಕಟ್ಟೆ, ಕೆರೆ, ನೀರು ಸರಬರಾಜುಗಳ ಚರಿತ್ರೆಗೆ ಪುಟಗಳು ಧಾರಾಳವಾಗಿವೆ. ನನಗೆ ವಹಿಸಿದ್ದು ಪಾಲಿಕೆಯ ಕಡತಗಳಲ್ಲಿ ಅಷ್ಟು ಸುಲಭವಾಗಿ ಸಿಗದ ವಿಷಯ: ಮನಸ್ಸಿನ ಕಾಯಿಲೆಯ ಆರೈಕೆಯ ಮೇಲೆ ಊರಿನ ಚುನಾಯಿತ ಸಂಸ್ಥೆಗೆ ಇದ್ದ ಕಣ್ಣು. ಅದರಲ್ಲೂ ಮಹಾಮಾರಿ ಬಂದು ಊರೇ ಬಾಗಿಲು ಹಾಕಿಕೊಂಡ ದಿನಗಳಲ್ಲಿ ಆ ಕಣ್ಣು ಎಲ್ಲಿತ್ತು ಎಂಬುದು. ಶಿವಾಜಿನಗರ, ಹಲಸೂರು, ಭಾರತಿನಗರ, ಫ್ರೇಜರ್ ಟೌನುಗಳ ಹಳೆಯ ದಂಡು ಪ್ರದೇಶವನ್ನೇ ಹಿಡಿದು ಬರೆಯುವುದಕ್ಕೆ ಕಾರಣವಿದೆ. ಬೆಂಗಳೂರಿನಲ್ಲಿ ರೋಗ ಮತ್ತು ಊರಾಡಳಿತದ ನಂಟು ಇಲ್ಲಿ ಕಟ್ಟಡಗಳಲ್ಲೇ ಕಾಣುತ್ತದೆ. ಬೌರಿಂಗ್ ಆಸ್ಪತ್ರೆಯಿಂದ ಫ್ರೇಜರ್ ಟೌನಿನ ನೇರ ಬೀದಿಗಳವರೆಗೆ ಒಮ್ಮೆ ನಡೆದರೆ ಸಾಕು.

1862–1897: ಎರಡು ಊರು, ಎರಡು ಪುರಸಭೆ

1809ರಲ್ಲಿ ಬ್ರಿಟಿಷ್ ದಂಡು ಹಲಸೂರಿನ ಬಳಿ ಬೀಡುಬಿಟ್ಟ ಮೇಲೆ ಬೆಂಗಳೂರು ಎರಡಾಯಿತು. ಪಶ್ಚಿಮಕ್ಕೆ ಪೇಟೆ, ಪೂರ್ವಕ್ಕೆ ದಂಡು, ನಡುವೆ ಮುಂದೆ ಕಬ್ಬನ್ ಪಾರ್ಕಾದ ಜಾಗ. 1850ರ ಪಟ್ಟಣ ಸುಧಾರಣೆ ಕಾಯಿದೆಯ ಕೆಳಗೆ 1862ರಲ್ಲಿ ಪೇಟೆಗೊಂದು, ದಂಡಿಗೊಂದು ಪುರಸಭಾ ಮಂಡಳಿ ಹುಟ್ಟಿದವು. ಮೈಸೂರು ಸಂಸ್ಥಾನವು 1881ರಲ್ಲಿ ಒಡೆಯರಿಗೆ ಮರಳಿದರೂ ದಂಡು ಪ್ರದೇಶ ಮರಳಲಿಲ್ಲ. ಅದು ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷ್ ರೆಸಿಡೆಂಟರ ಕೈಯಲ್ಲೇ ಉಳಿಯಿತು.

ಆಗಿನ ಪುರಸಭೆಗೆ ಆರೋಗ್ಯ ಎಂದರೆ ಚರಂಡಿ, ಕಕ್ಕಸು, ಕಸ, ಸಂತೆಯ ಮಾಂಸ, ಸಿಡುಬಿನ ಚುಚ್ಚುಮದ್ದು. ಆಸ್ಪತ್ರೆ ಎಂದರೆ ಬೌರಿಂಗ್. ಕಮಿಷನರ್ ಲೆವಿನ್ ಬೌರಿಂಗ್ ಕಾಲದಲ್ಲಿ, 1868ರ ಹೊತ್ತಿಗೆ ಎದ್ದು ನಿಂತ ಈ ಆಸ್ಪತ್ರೆ ದಂಡಿನ ಬಡವರ ಪಾಲಿಗೆ ಮೊದಲ ಬಾಗಿಲೂ ಆಗಿತ್ತು, ಕೊನೆಯದೂ ಆಗಿತ್ತು. ಮುಂದೆ ಹೆಂಗಸರಿಗಾಗಿ ಲೇಡಿ ಕರ್ಜನ್ ಆಸ್ಪತ್ರೆ ಜೊತೆಗೂಡಿ ಇಂದಿನ ಜೋಡುಹೆಸರು ಬಂತು.

ಮನಸ್ಸಿನ ಕಾಯಿಲೆಯವರಿಗೆ ಈ ಯಾವ ಬಾಗಿಲೂ ಇರಲಿಲ್ಲ. ಅವರ ಮನೆ ಪೇಟೆಯ ಕಡೆ ಇತ್ತು. ಮೈಸೂರು ಕಮಿಷನ್ನಿನ ಸರ್ಜನ್ ಆಗಿದ್ದ ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಮುತುವರ್ಜಿಯಿಂದ 1847ರಲ್ಲಿ ಆರಂಭವಾದ ಆಶ್ರಯಧಾಮವನ್ನು ಜನ ಹುಚ್ಚಾಸ್ಪತ್ರೆ ಎಂದೇ ಕರೆದರು. ಅಲ್ಲಿಗೆ ಹೋಗುವ ದಾರಿ ಪುರಸಭೆಯ ಮೂಲಕ ಹಾದುಹೋಗುತ್ತಿರಲಿಲ್ಲ. ಪೊಲೀಸರು ಹಿಡಿದು ತರಬೇಕು, ಮ್ಯಾಜಿಸ್ಟ್ರೇಟರು ಆಜ್ಞೆ ಬರೆಯಬೇಕು, ಸರ್ಜನ್ನರು ಒಳಗೆ ಸೇರಿಸಿಕೊಳ್ಳಬೇಕು. 1858ರ ಕಾಯಿದೆಯೂ 1912ರ ಭಾರತೀಯ ಲೂನಸಿ ಕಾಯಿದೆಯೂ ಇದೇ ಹಾದಿ ತೋರಿಸಿದವು. ಆಸ್ಪತ್ರೆಗೆ ಭೇಟಿ ಕೊಟ್ಟು ವರದಿ ಬರೆಯುವ ಸಂದರ್ಶಕರ ಮಂಡಳಿಯೊಂದು ಕಾಯಿದೆಯಲ್ಲಿತ್ತು. ಹೊರಗಿನವರು ಒಳಗೆ ಹೋಗಿ ನೋಡುವ ಪದ್ಧತಿಯ ಒಂದು ಹಳೆಯ ರೂಪ ಅದು. ಆದರೆ ಆ ಸಂದರ್ಶಕರನ್ನು ಸರ್ಕಾರ ನೇಮಿಸುತ್ತಿತ್ತು, ಬೀದಿಯ ಮತದಾರ ಕಳಿಸುತ್ತಿರಲಿಲ್ಲ.

1898–1918: ಪ್ಲೇಗು ಬರೆದ ನಕ್ಷೆ

1898ರ ಆಗಸ್ಟಿನಲ್ಲಿ ರೈಲಿನ ಜೊತೆ ಪ್ಲೇಗು ಬೆಂಗಳೂರಿಗೆ ಇಳಿಯಿತು. ಅದರ ಹಿಂದಿನ ವರ್ಷವಷ್ಟೇ ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಂದಿತ್ತು. ನಾಲ್ಕೇ ಕಲಮುಗಳ ಆ ಪುಟ್ಟ ಕಾಯಿದೆ ಅಧಿಕಾರಿಗಳ ಕೈಗೆ ಅಪಾರ ಬಲ ಕೊಟ್ಟಿತು. ಮನೆ ಹೊಕ್ಕು ತಪಾಸಣೆ, ರೋಗಿಯನ್ನು ಶಿಬಿರಕ್ಕೆ ಎತ್ತಿಕೊಂಡು ಹೋಗುವುದು, ಸೂರು ತೆಗೆದು ಮನೆಯನ್ನು ಬಿಸಿಲಿಗೆ ಒಡ್ಡುವುದು, ಹಾಸಿಗೆ ಬಟ್ಟೆ ಸುಡುವುದು, ಎಲ್ಲವೂ ನಡೆಯಿತು. ಸಂಸ್ಥಾನದಲ್ಲಿ ವಿ. ಪಿ. ಮಾಧವರಾಯರು ಪ್ಲೇಗ್ ಕಮಿಷನರರಾಗಿ ನೇಮಕಗೊಂಡರು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಜನ ರೊಚ್ಚಿಗೆದ್ದರು. ದಂಡಿನ ಇಕ್ಕಟ್ಟು ಓಣಿಗಳಲ್ಲಿ ಹೆದರಿಕೆ ಎರಡು ಬಗೆಯದು: ಒಂದು ರೋಗದ್ದು, ಇನ್ನೊಂದು ಬಾಗಿಲು ಬಡಿಯುವವರದ್ದು.

ಪುರಸಭೆಯ ಸಾಧನೆಯ ಪಟ್ಟಿಯಲ್ಲಿ ಈ ಕಾಲಕ್ಕೆ ದೊಡ್ಡ ಜಾಗವಿದೆ, ಅದು ನ್ಯಾಯವೂ ಹೌದು. ಪೇಟೆಯ ಕಡೆ ಮಲ್ಲೇಶ್ವರ, ಬಸವನಗುಡಿಗಳು ಬೆಳೆದವು. ದಂಡಿನ ಕಡೆ ರೆಸಿಡೆಂಟ್ ಸ್ಟುವರ್ಟ್ ಫ್ರೇಜರರ ಹೆಸರಿನ ಬಡಾವಣೆ ಎದ್ದಿತು. ಅಗಲ ರಸ್ತೆ, ಮನೆ ಮನೆಯ ನಡುವೆ ಗಾಳಿಗೆ ಜಾಗ, ಹಿಂದೆ ಕಸ ಹೊರುವವರಿಗೆ ಪ್ರತ್ಯೇಕ ಓಣಿ, ಇಲಿ ತೂರದ ನೆಲ. ಇದರ ಹಿಂದೆ ದುಡಿದ ಸ್ಟೇಷನ್ ಪುರಸಭೆಯ ಜೆ. ಎಚ್. ಸ್ಟೀಫನ್ಸ್ 1914ರಲ್ಲಿ ಪ್ಲೇಗು ತಟ್ಟದ ನಗರ ಯೋಜನೆಯ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಹಳೆ ಮದರಾಸು ರಸ್ತೆಯ ಸಾಂಕ್ರಾಮಿಕ ರೋಗಗಳ ಆಸ್ಪತ್ರೆ, ಅಂದರೆ ಜನ ಇಂದಿಗೂ ಐಸೊಲೇಷನ್ ಆಸ್ಪತ್ರೆ ಎನ್ನುವ ಕಟ್ಟಡ, ಆ ಕಾಲದ ಯೋಚನೆಯ ಇನ್ನೊಂದು ಕುರುಹು.

ಆದರೆ ಮನೆ ಕಳೆದುಕೊಂಡವಳ, ಶಿಬಿರದಲ್ಲಿ ಗಂಡನನ್ನು ಬಿಟ್ಟು ಬಂದವಳ ಮನಸ್ಸು ಏನಾಯಿತು ಎಂದು ಯಾವ ವರದಿಯೂ ಕೇಳಲಿಲ್ಲ. ಜನ ತಮ್ಮದೇ ಉತ್ತರ ಕಂಡುಕೊಂಡರು. ಬೆಂಗಳೂರಿನ ಮೂಲೆ ಮೂಲೆಯಲ್ಲಿ ಪ್ಲೇಗಮ್ಮನ ಗುಡಿಗಳು ಎದ್ದವು. ದುಃಖಕ್ಕೂ ದಿಗಿಲಿಗೂ ಅವೇ ಆಪ್ತಸಮಾಲೋಚನೆ ಕೇಂದ್ರಗಳಾಗಿದ್ದವು ಎಂದರೆ ಕುಹಕವಲ್ಲ. 1918ರ ಇನ್‌ಫ್ಲುಯೆಂಜಾ ಇದಕ್ಕಿಂತ ವೇಗವಾಗಿ ಬಂದು ಹೋಯಿತು. ಸ್ವಯಂಸೇವಕರು ಬೀದಿ ಬೀದಿಗೆ ಔಷಧಿ, ಗಂಜಿ ಒಯ್ದರು.

1937–1949: ಹೊಸ ಕಟ್ಟಡ, ಒಂದಾದ ಊರು

ಪೇಟೆಯ ಇಕ್ಕಟ್ಟಿನಲ್ಲಿದ್ದ ಮಾನಸಿಕ ಆಸ್ಪತ್ರೆ 1930ರ ದಶಕದಲ್ಲಿ ಹೊಸೂರು ರಸ್ತೆಯ ಲಕ್ಕಸಂದ್ರದ ಬಯಲಿಗೆ ಬಂತು. ಡಾ. ಫ್ರಾಂಕ್ ನರೋನ್ಹಾ ಅವರ ಕನಸು, ದಿವಾನ್ ಮಿರ್ಜಾ ಇಸ್ಮಾಯಿಲರ ಬೆಂಬಲ, ಮುಂದೆ ಡಾ. ಎಂ. ವಿ. ಗೋವಿಂದಸ್ವಾಮಿಯವರ ದುಡಿಮೆ ಸೇರಿ ಅದು ಸೆರೆಮನೆಯ ಚಹರೆ ಕಳಚಿ ಆಸ್ಪತ್ರೆಯಾಯಿತು. 1954ರಲ್ಲಿ ಅಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ, 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್. ದೇಶಕ್ಕೆ ಮನೋವೈದ್ಯರನ್ನು ತಯಾರಿಸಿ ಕೊಟ್ಟ ಸಂಸ್ಥೆ ನಮ್ಮ ಊರಿನದು ಎಂಬ ಹೆಮ್ಮೆ ಪಾಲಿಕೆಗೂ ಸಲ್ಲಬೇಕು, ಆದರೆ ಆ ಹೆಮ್ಮೆಯೇ ಒಂದು ನೆಪವೂ ಆಯಿತು. ‘ಅದಕ್ಕೆ ನಿಮ್ಹಾನ್ಸ್ ಇದೆಯಲ್ಲ’ ಎಂಬ ಮಾತಿನಲ್ಲಿ ನಮ್ಮ ಊರಿನ ಅನೇಕ ಹೊಣೆಗಳು ಮುಗಿದುಹೋಗಿವೆ.

1947ರ ಜುಲೈ 26ರಂದು ದಂಡು ಪ್ರದೇಶ ಮೈಸೂರಿಗೆ ಮರಳಿತು. 1949ರ ಡಿಸೆಂಬರ್ 8ರಂದು ಎರಡು ಪುರಸಭೆಗಳು ಒಂದಾಗಿ ಬೆಂಗಳೂರು ನಗರ ಪಾಲಿಕೆ ಜನ್ಮ ತಾಳಿತು. 50 ವಿಭಾಗಗಳು, 70 ಸದಸ್ಯರು. ವಯಸ್ಕ ಮತಾಧಿಕಾರ. ತಮಿಳು, ಉರ್ದು, ಇಂಗ್ಲಿಷ್, ತೆಲುಗು ಆಡುವ ದಂಡಿನ ಮತದಾರ ಪೇಟೆಯ ಕನ್ನಡಿಗರ ಜೊತೆ ಒಂದೇ ಸಭಾಂಗಣಕ್ಕೆ ಪ್ರತಿನಿಧಿ ಕಳಿಸಿದ್ದು ಈ ಪಾಲಿಕೆಯಲ್ಲೇ ಮೊದಲು. ಆರಂಭದ ದಿನಗಳಲ್ಲಿ ಎರಡೂ ಕಡೆಯ ತೆರಿಗೆ ಪದ್ಧತಿ, ನೌಕರರ ದರ್ಜೆ, ಭಾಷೆ ಇವುಗಳ ಬಗ್ಗೆ ಒಂದಿಷ್ಟು ಜಗ್ಗಾಟ ಇದ್ದದ್ದು ಸಹಜವೇ. ಕಾಲ ಕಳೆದಂತೆ ಅದು ತಣ್ಣಗಾಯಿತು.

1950–1992: ಹೆರಿಗೆ ಮನೆಗಳ ಕಾಲ

ಈ ನಾಲ್ಕು ದಶಕಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಾಲಿಕೆಯ ಆರೋಗ್ಯ ಶಾಖೆ ಹೆರಿಗೆ ಆಸ್ಪತ್ರೆ, ಕುಟುಂಬ ಕಲ್ಯಾಣ, ಲಸಿಕೆ, ಸೊಳ್ಳೆ, ಬೀದಿನಾಯಿಗಳಲ್ಲಿ ಮುಳುಗಿತ್ತು. ಮಾಡಿದ ಕೆಲಸ ಒಳ್ಳೆಯದೇ. ಮನಸ್ಸಿನ ಕಾಯಿಲೆಗೆ ಸಮುದಾಯದಲ್ಲೇ ಆರೈಕೆ ಎಂಬ ವಿಚಾರ ಆಗ ಪಾಲಿಕೆಯ ಹೊರಗೆ ಬೆಳೆಯುತ್ತಿತ್ತು. ದಂಡು ಪ್ರದೇಶದ ಪಾಟರಿ ರಸ್ತೆಯ ಮೆಡಿಕೊ ಪ್ಯಾಸ್ಟೋರಲ್ ಅಸೋಸಿಯೇಷನ್ 1964ರಲ್ಲೇ ಹುಟ್ಟಿ, ಆಸ್ಪತ್ರೆಗೂ ಮನೆಗೂ ನಡುವಿನ ಮಜಲಾಗಿ ‘ಹಾಫ್‌ವೇ ಹೋಂ’ ನಡೆಸಿತು. ನಿಮ್ಹಾನ್ಸ್ ತನ್ನ ಸಕಲವಾರ ಕೇಂದ್ರದಿಂದ ಹಳ್ಳಿಗೆ ಹೋಯಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಚಿಕಿತ್ಸೆ ನಡೆಸಿ ತೋರಿಸಿತು. ಬಳ್ಳಾರಿ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿತು.

ಗಮನಿಸಿ, ಅದು ಜಿಲ್ಲೆಯ ಕಾರ್ಯಕ್ರಮ. ಹೋಬಳಿಯ ಆರೋಗ್ಯ ಕೇಂದ್ರ ಅದರ ಕಣ್ಣಿಗೆ ಬಿತ್ತು, ಮಹಾನಗರದ ವಾರ್ಡು ಬೀಳಲಿಲ್ಲ.

1993–2019: ಕಾಯಿದೆ ಕೊಟ್ಟದ್ದು, ರಸೀದಿ ತೋರಿಸಿದ್ದು

ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ಹನ್ನೆರಡನೆಯ ಅನುಸೂಚಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳಿವೆ. ಆರನೆಯದು ಸಾರ್ವಜನಿಕ ಆರೋಗ್ಯ. ಒಂಬತ್ತನೆಯದು ದುರ್ಬಲ ವರ್ಗಗಳ ಹಿತರಕ್ಷಣೆ, ಅದರಲ್ಲಿ ಅಂಗವಿಕಲರೂ ಬುದ್ಧಿಮಾಂದ್ಯರೂ ಸೇರಿದ್ದಾರೆ. ಮನೋರೋಗದ ಹೆಸರು ನೇರವಾಗಿ ಇಲ್ಲ, ಆದರೆ ಆರೋಗ್ಯದ ಬಾಗಿಲು ತೆರೆದೇ ಇತ್ತು. ಪಾಲಿಕೆಯ ಸಭೆಯಲ್ಲಿ ಸಾರ್ವಜನಿಕ ಆರೋಗ್ಯ ಸ್ಥಾಯಿ ಸಮಿತಿ ಇತ್ತು. 1990ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನ ಐಪಿಪಿ-8 ಯೋಜನೆಯಿಂದ ಕೊಳೆಗೇರಿಗಳಲ್ಲಿ ಆರೋಗ್ಯ ಕೇಂದ್ರಗಳು ಎದ್ದವು, ಮನೆ ಮನೆ ತಿಳಿದ ಲಿಂಕ್ ವರ್ಕರುಗಳು ಬಂದರು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಆಯಿತು, ವಾರ್ಡುಗಳು 198 ಆದವು. 2013ರ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನದೊಂದಿಗೆ ಆಶಾ ಕಾರ್ಯಕರ್ತೆಯರು ನಗರಕ್ಕೂ ಬಂದರು.

ಆದರೂ ಮನೋರೋಗದ ವಿಚಾರದಲ್ಲಿ ಪಾಲಿಕೆಯ ಸಂಬಂಧ ಎಲ್ಲಿತ್ತು ಎಂದು ಹುಡುಕಿದರೆ ಅದು ಸಿಗುವುದು ಆಸ್ತಿ ತೆರಿಗೆಯ ರಸೀದಿಯಲ್ಲಿ. ಶಿವಾಜಿನಗರದ ಯಾವುದೇ ಅಂಗಡಿಯವರ ಹಳೆಯ ಬಿಬಿಎಂಪಿ ರಸೀದಿ ತೆಗೆದು ನೋಡಿ. ತೆರಿಗೆ 1,000 ರೂಪಾಯಿ ಆಗಿದ್ದರೆ ಅದರ ಕೆಳಗೆ 240 ರೂಪಾಯಿ ಉಪಕರ. ಆರೋಗ್ಯಕ್ಕೆ 150, ಗ್ರಂಥಾಲಯಕ್ಕೆ 60, ಭಿಕ್ಷುಕರ ಉಪಕರ 30. ವಸೂಲಿ ಪಾಲಿಕೆಯದು, ಹಣ ಮಾತ್ರ ಪಾಲಿಕೆಯದಲ್ಲ. ಕೊನೆಯ ಆ 30 ರೂಪಾಯಿ ಸಮಾಜ ಕಲ್ಯಾಣ ಇಲಾಖೆಯ ಕೆಳಗಿನ ಕೇಂದ್ರ ಪರಿಹಾರ ಸಮಿತಿಗೆ ಹೋಗುತ್ತದೆ. ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರ ನಡೆಯುವುದು ಅದರಿಂದ. ಶಿವಾಜಿನಗರ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಒಬ್ಬನೇ ಮಾತಾಡಿಕೊಳ್ಳುತ್ತ ಮಲಗಿದವನನ್ನು ಕೊನೆಗೆ ವ್ಯಾನು ಎತ್ತಿಕೊಂಡು ಹೋಗುತ್ತಿದ್ದದ್ದು ಬಹುಪಾಲು ಅಲ್ಲಿಗೇ. 2010ರಲ್ಲಿ ಅಲ್ಲಿ ಒಂದರ ಹಿಂದೊಂದು ಸಾವು ಸಂಭವಿಸಿದಾಗ, ಒಳಗಿದ್ದವರಲ್ಲಿ ಮನೋರೋಗಿಗಳು ಎಷ್ಟೊಂದು ಮಂದಿ ಎಂಬುದು ನಾಡಿಗೆ ಗೊತ್ತಾಯಿತು. ಉಪಕರದ ಬಾಕಿಯ ಬಗ್ಗೆ ಪಾಲಿಕೆಗೂ ಸಮಿತಿಗೂ ವರ್ಷಗಟ್ಟಲೆ ಪತ್ರವ್ಯವಹಾರ ನಡೆದಿದೆ, ಅದರ ವಿವರ ಈ ಸಂಚಿಕೆಗೆ ಬೇಡ. ಹಣ ಕೊಡುವವನಿಗೆ ಲೆಕ್ಕ ಕೇಳುವ ಹಕ್ಕಿಲ್ಲದ ವ್ಯವಸ್ಥೆ ಅದು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

2015–16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಬಂತು. ವಯಸ್ಕರಲ್ಲಿ ಶೇಕಡಾ 10.6 ಮಂದಿಗೆ ಸಮೀಕ್ಷೆಯ ಹೊತ್ತಿನಲ್ಲಿ ಯಾವುದಾದರೂ ಮಾನಸಿಕ ತೊಂದರೆ ಇತ್ತು, ಮಹಾನಗರಗಳಲ್ಲಿ ಪ್ರಮಾಣ ಇನ್ನೂ ಹೆಚ್ಚು. ಕಾಯಿಲೆಗೆ ತಕ್ಕಂತೆ ಶೇಕಡಾ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. ಅದರ ಬೆನ್ನಿಗೆ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ 2017, ಜಾರಿ 2018ರ ಮೇ 29ರಿಂದ. ಇದು ನಿಜಕ್ಕೂ ದೊಡ್ಡ ಕಾಯಿದೆ. ಚಿಕಿತ್ಸೆಯನ್ನು ಹಕ್ಕು ಮಾಡಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಬಡವರಿಗೂ ಮನೆಯಿಲ್ಲದವರಿಗೂ, ಬಿಪಿಎಲ್ ಕಾರ್ಡು ಇರಲಿ ಇಲ್ಲದಿರಲಿ, ಪುಕ್ಕಟೆ ಆರೈಕೆ ಎಂದಿತು. ಬೀದಿಯಲ್ಲಿ ಅಲೆಯುವ ರೋಗಿಯನ್ನು ಪೊಲೀಸರು 24 ಗಂಟೆಯೊಳಗೆ ಆಸ್ಪತ್ರೆಗೆ ಒಯ್ಯಬೇಕೆಂದಿತು. ಮೇಲ್ವಿಚಾರಣೆಗೆ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗಳನ್ನು ಕೊಟ್ಟಿತು. ಮಂಡಳಿಯಲ್ಲಿ ಜಿಲ್ಲಾ ನ್ಯಾಯಾಧೀಶರ ದರ್ಜೆಯವರು, ಜಿಲ್ಲಾಧಿಕಾರಿಯ ಪ್ರತಿನಿಧಿ, ಒಬ್ಬ ಮನೋವೈದ್ಯರು, ಮತ್ತೊಬ್ಬ ವೈದ್ಯರು, ಇವರ ಜೊತೆ ರೋಗವನ್ನು ಅನುಭವಿಸಿದವರು, ಆರೈಕೆದಾರರು ಅಥವಾ ಸೇವಾಸಂಸ್ಥೆಯವರ ಪೈಕಿ ಇಬ್ಬರು. ಹಳೆಯ ಸಂದರ್ಶಕರ ಮಂಡಳಿಗಿಂತ ಎಷ್ಟೋ ಮುಂದೆ. ಆದರೆ ಇಲ್ಲೂ ಕಾರ್ಪೊರೇಟರಿಗೆ ಕುರ್ಚಿ ಇಲ್ಲ.

2020, ಮಾರ್ಚ್‌ನಿಂದ ಸೆಪ್ಟೆಂಬರ್: ಸೀಲ್‌ಡೌನ್

ಮಾರ್ಚ್ ಎರಡನೆಯ ವಾರದಲ್ಲಿ ಬೆಂಗಳೂರಿನಲ್ಲಿ ಮೊದಲ ಕೋವಿಡ್ ಪ್ರಕರಣ. ಸರ್ಕಾರ ಕೈಗೆತ್ತಿಕೊಂಡದ್ದು ಅದೇ 1897ರ ಪ್ಲೇಗಿನ ಕಾಯಿದೆ. ಮಾರ್ಚ್ 24ರ ರಾತ್ರಿಯಿಂದ ದೇಶವೇ ಬಂದ್. ರಸೆಲ್ ಮಾರುಕಟ್ಟೆಯ ಸದ್ದು ನಿಂತಿತು. ಮೇ ತಿಂಗಳಲ್ಲಿ ಶಿವಾಜಿನಗರದ ಚಾಂದನಿ ಚೌಕದ ಓಣಿಗಳಿಗೆ ತಗಡಿನ ಬೇಲಿ ಬಿತ್ತು. ಹತ್ತು ಅಡಿ ಅಗಲದ ಕೋಣೆಯಲ್ಲಿ ಪಾಳಿಯಲ್ಲಿ ಮಲಗುವ ಕೂಲಿಗಳಿಗೆ ‘ಮನೆಯಲ್ಲೇ ಇರಿ’ ಎಂದರೆ ಏನರ್ಥ ಎಂದು ದಂಡಿನ ಹಳೆಯ ಓಣಿಗಳು ಮತ್ತೊಮ್ಮೆ ಕೇಳಿದವು.

ಪಾಲಿಕೆ ಮಾರ್ಚ್ ಕೊನೆಯಲ್ಲೇ ವಾರ್ ರೂಮ್ ತೆರೆಯಿತು. ಆರೋಗ್ಯಾಧಿಕಾರಿಗಳು, ಪೌರಕಾರ್ಮಿಕರು, ಲಿಂಕ್ ವರ್ಕರುಗಳು, ಆಶಾ ಕಾರ್ಯಕರ್ತೆಯರು, ಮನೆ ಮನೆಗೆ ಹೋಗಲು ನಿಯೋಜಿತರಾದ ಶಾಲಾ ಶಿಕ್ಷಕರು ಹಗಲಿರುಳು ದುಡಿದರು. ಗೌರವಧನದ ವಿಚಾರದಲ್ಲಿ ಆಶಾ ಕಾರ್ಯಕರ್ತೆಯರು ಜುಲೈನಲ್ಲಿ ಕೆಲಸ ನಿಲ್ಲಿಸಬೇಕಾಗಿ ಬಂದದ್ದೂ ಆ ದಿನಗಳ ಭಾಗವೇ. ಶಿವಾಜಿನಗರ ಕ್ಷೇತ್ರದ ಏಳು ವಾರ್ಡುಗಳಲ್ಲಿ, ಅಂದರೆ ರಾಮಸ್ವಾಮಿಪಾಳ್ಯ, ಜಯಮಹಲ್, ಹಲಸೂರು, ಭಾರತಿನಗರ, ಶಿವಾಜಿನಗರ, ವಸಂತನಗರ, ಸಂಪಂಗಿರಾಮನಗರಗಳಲ್ಲಿ, ಪಾಲಿಕೆ ಸದಸ್ಯರ ಕಚೇರಿ ಎಂದರೆ ದಿನಸಿ ಕಿಟ್, ಹಾಲಿನ ಪ್ಯಾಕೆಟ್, ಪಾಸು, ಆಂಬುಲೆನ್ಸಿಗೆ ಓಡುವ ಜಾಗವಾಯಿತು. ಪಕ್ಷ ಯಾವುದಾದರೂ ಇರಲಿ, ಈ ಕೆಲಸದಲ್ಲಿ ಯಾರೂ ಹಿಂದೆ ಬೀಳಲಿಲ್ಲ.

ಮನೋರೋಗಿಗಳ ಕಷ್ಟ ಈ ಕಿಟ್ಟಿನ ಲೆಕ್ಕಕ್ಕೆ ಬಾರದ ಕಷ್ಟ. ಸ್ಕಿಜೊಫ್ರೇನಿಯಾ ಇರುವ ಎಷ್ಟೋ ಮಂದಿಗೆ ಎರಡು ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಒಂದು ಇಂಜೆಕ್ಷನ್. ಅದನ್ನು ಹಾಕಿಸಿಕೊಂಡರೆ ದಿನಾ ಮಾತ್ರೆಯ ಜಗಳವಿಲ್ಲ, ಮನೆಯವರಿಗೆ ನಿದ್ದೆ. ಬಸ್ಸು ನಿಂತಿತು, ಇಂಜೆಕ್ಷನ್ ತಪ್ಪಿತು. ಲಿಥಿಯಂ ತೆಗೆದುಕೊಳ್ಳುವವರಿಗೆ ಆಗಾಗ ರಕ್ತಪರೀಕ್ಷೆ ಆಗಲೇಬೇಕು, ಲ್ಯಾಬಿಗೆ ಹೋಗುವುದೇ ಕಷ್ಟವಾಯಿತು. ಮೆಡಿಕಲ್ ಶಾಪಿನವರು ಹಳೆಯ ಚೀಟಿಗೆ ಮಾನಸಿಕ ಕಾಯಿಲೆಯ ಮಾತ್ರೆ ಕೊಡಲು ಹಿಂಜರಿದರು, ಅದು ಅವರ ತಪ್ಪೂ ಅಲ್ಲ, ಕಾನೂನು ಹಾಗಿದೆ. ಮಾರ್ಚ್ 24ರಿಂದ ಮೇ 4ರವರೆಗೆ ಮದ್ಯದಂಗಡಿಗಳು ಮುಚ್ಚಿದ್ದರಿಂದ ಕುಡಿತಕ್ಕೆ ಅಂಟಿಕೊಂಡವರಿಗೆ ಕೈನಡುಕ, ಫಿಟ್ಸು, ಭ್ರಮೆ ಶುರುವಾಗಿ ಆಸ್ಪತ್ರೆಗೆ ಬಂದವರ ಸಂಖ್ಯೆ ಏರಿತು. ನಗರದ ವೈದ್ಯರು ಇದನ್ನು ಅಧ್ಯಯನ ಮಾಡಿ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ದಂಡು ಪ್ರದೇಶದ್ದೇ ಆದ ಬೌರಿಂಗ್ ಕೋವಿಡ್ ಚಿಕಿತ್ಸೆಗೆ ತಿರುಗಿತ್ತು. ಬೀದಿಯಲ್ಲಿ ಸಿಕ್ಕ ರೋಗಿಯನ್ನು 24 ಗಂಟೆಯಲ್ಲಿ ಆಸ್ಪತ್ರೆಗೆ ಒಯ್ಯಿರಿ ಎಂದ ಕಾಯಿದೆ, ಕೋವಿಡ್ ಪರೀಕ್ಷೆಯ ಫಲಿತಾಂಶ ಬರುವ ತನಕ ಅವನನ್ನು ಎಲ್ಲಿಡಬೇಕು ಎಂದು ಹೇಳಿರಲಿಲ್ಲ.

ಪರಿಹಾರಗಳೂ ಬೇಗ ಬಂದವು ಎನ್ನುವುದನ್ನು ಮರೆಯಬಾರದು. ಮಾರ್ಚ್ 25ರಂದೇ ಕೇಂದ್ರದ ಟೆಲಿಮೆಡಿಸಿನ್ ಮಾರ್ಗಸೂಚಿ ಬಂತು, ಮೇ ತಿಂಗಳಲ್ಲಿ ಮನೋವೈದ್ಯಕೀಯಕ್ಕೇ ಪ್ರತ್ಯೇಕ ಮಾರ್ಗಸೂಚಿ. ನಿಮ್ಹಾನ್ಸ್ 080-46110007 ಸಹಾಯವಾಣಿಯನ್ನು ಹಲವು ಭಾಷೆಗಳಲ್ಲಿ ನಡೆಸಿತು. ಶಿವಾಜಿನಗರದಂಥ ಕಡೆ ಇದು ಸಣ್ಣ ಸಂಗತಿಯಲ್ಲ. ಇಲ್ಲಿ ಅಜ್ಜಿ ದಖನಿಯಲ್ಲಿ ಅಳುತ್ತಾಳೆ, ಪಕ್ಕದ ಮನೆಯವಳು ತಮಿಳಿನಲ್ಲಿ, ಎದುರುಮನೆಯವರು ಕನ್ನಡದಲ್ಲಿ. ಸೋಂಕಿತರಿಗೂ ಕ್ವಾರಂಟೈನಿನಲ್ಲಿದ್ದವರಿಗೂ ಫೋನಿನಲ್ಲೇ ಧೈರ್ಯ ಹೇಳುವ ಕೆಲಸವನ್ನು ರಾಜ್ಯ ಆರೋಗ್ಯ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ನಡೆಸಿತು. 104 ಆರೋಗ್ಯವಾಣಿಯಲ್ಲಿ ಆಪ್ತಸಮಾಲೋಚಕರು ಕೂತರು. ಅದೇ ವರ್ಷ ನಿಮ್ಹಾನ್ಸ್ ಮತ್ತು ಬೆಂಗಳೂರಿನ ಐಐಐಟಿ ರೂಪಿಸಿದ ‘ಇ-ಮನಸ್’ ಎಂಬ ದಾಖಲೆ ವ್ಯವಸ್ಥೆ ರಾಜ್ಯದಲ್ಲಿ ಚಾಲನೆಗೊಂಡಿತು. ಆಗಸ್ಟ್ ಕೊನೆಯಲ್ಲಿ ಬ್ರಾಡ್‌ವೇ ರಸ್ತೆಯ ಪಾಲಿಕೆ ಕಟ್ಟಡದಲ್ಲಿ, ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ, ಚರಕ ಆಸ್ಪತ್ರೆ ಕೋವಿಡ್ ರೋಗಿಗಳಿಗೆ ತೆರೆಯಿತು. ಬೌರಿಂಗ್ ಆಸ್ಪತ್ರೆಗೆ ಅಷ್ಟರಮಟ್ಟಿಗೆ ಹೆಗಲು ಹಗುರಾಯಿತು.

ಈ ಪಟ್ಟಿಯಲ್ಲಿ ಯಾರ ಹೆಸರಿದೆ ನೋಡಿ. ಕೇಂದ್ರ, ರಾಜ್ಯ, ನಿಮ್ಹಾನ್ಸ್, ದಾನಿಗಳು. ಪಾಲಿಕೆ ಜಾಗ ಕೊಟ್ಟಿತು, ಜನ ಕೊಟ್ಟಿತು, ವಿಳಾಸ ಕೊಟ್ಟಿತು. ಯಾವ ವಾರ್ಡಿನಲ್ಲಿ ಎಷ್ಟು ಜನರಿಗೆ ಮಾತ್ರೆ ತಪ್ಪಿದೆ ಎಂದು ಕೇಳಿ ಉತ್ತರ ಪಡೆಯುವ ಅಧಿಕಾರ ಯಾವ ಸ್ಥಾಯಿ ಸಮಿತಿಗೂ ಇರಲಿಲ್ಲ. ಇಂಗ್ಲೆಂಡಿನಲ್ಲಿ ಇದು ಬೇರೆ ಬಗೆ. ಅಲ್ಲಿ ವಯಸ್ಕರ ಸಾಮಾಜಿಕ ಆರೈಕೆ ಸ್ಥಳೀಯ ಕೌನ್ಸಿಲ್ಲಿನ ಶಾಸನಬದ್ಧ ಹೊಣೆ. 2001ರ ಕಾಯಿದೆಯಿಂದ ಚುನಾಯಿತ ಕೌನ್ಸಿಲರುಗಳ ಪರಿಶೀಲನಾ ಸಮಿತಿ ಆರೋಗ್ಯ ಸೇವೆಯ ಅಧಿಕಾರಿಗಳನ್ನು ಕರೆಸಿ ಪ್ರಶ್ನೆ ಕೇಳಬಹುದು. ಕೋವಿಡ್ ಕಾಲದಲ್ಲಿ ಅವರೂ ವಿಡಿಯೊ ಪರದೆಯ ಮೇಲೆ ಸಭೆ ಕೂಡಿದರು. ಅಲ್ಲಿನ ಸೇವೆಯೆಲ್ಲ ಚೆನ್ನಾಗಿತ್ತೆಂದು ನಾನು ಹೇಳುತ್ತಿಲ್ಲ. ಕೇಳುವ ಜಾಗ ಒಂದಿತ್ತು, ಅಷ್ಟೆ. ಪಕ್ಕದ ಕೇರಳದಲ್ಲಿ, ಕಾಸರಗೋಡಿನ ನಮ್ಮ ಕನ್ನಡಿಗರಿಗೆ ಪರಿಚಿತವಾದಂತೆ, ಹಾಸಿಗೆ ಹಿಡಿದವರ ಉಪಶಾಮಕ ಆರೈಕೆಯನ್ನು ಪಂಚಾಯಿತಿಯೇ ಹೊತ್ತಿದೆ.

2020, ಸೆಪ್ಟೆಂಬರ್ 10 ಮತ್ತು ನಂತರ

2015ರಲ್ಲಿ ಆಯ್ಕೆಯಾದ ಪಾಲಿಕೆ ಸಭೆಯ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಮೇಯರ್ ಎಂ. ಗೌತಮ್ ಕುಮಾರ್ ಅಧಿಕಾರ ಬಿಟ್ಟುಕೊಟ್ಟರು. ಐಎಎಸ್ ಅಧಿಕಾರಿ ಗೌರವ್ ಗುಪ್ತಾ ಆಡಳಿತಾಧಿಕಾರಿಯಾದರು. ವಾರ್ಡು ವಿಂಗಡಣೆ, ಮೀಸಲಾತಿ, ಹೊಸ ಕಾಯಿದೆ ಇವುಗಳ ಸುತ್ತ ವಿಷಯ ನ್ಯಾಯಾಲಯಗಳ ಮೆಟ್ಟಿಲೇರಿತು. 198 ವಾರ್ಡುಗಳಿಗೇ ಚುನಾವಣೆ ನಡೆಸಲು ಡಿಸೆಂಬರಿನಲ್ಲಿ ಹೈಕೋರ್ಟು ಹೇಳಿತು, ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಈ ವಿವಾದದಲ್ಲಿ ಯಾರದು ಸರಿ ಎನ್ನುವುದು ಈ ಲೇಖನದ ಕೆಲಸವಲ್ಲ. ಫಲ ಮಾತ್ರ ಸ್ಪಷ್ಟ: ಎರಡನೆಯ ಅಲೆ ಬಂದಾಗ ಊರಿನಲ್ಲಿ ಒಬ್ಬನೂ ಚುನಾಯಿತ ಪಾಲಿಕೆ ಸದಸ್ಯ ಇರಲಿಲ್ಲ.

2021ರ ಏಪ್ರಿಲ್ ಕೊನೆಗೆ ಬೆಂಗಳೂರಿನಲ್ಲಿ ದಿನಕ್ಕೆ 20,000ಕ್ಕೂ ಮೇಲೆ ಹೊಸ ಪ್ರಕರಣ. ಕಲ್ಪಳ್ಳಿ ಸ್ಮಶಾನದ ಮುಂದೆ ಆಂಬುಲೆನ್ಸುಗಳ ಸಾಲು. ಹಾಸಿಗೆ ಹಂಚಿಕೆಯ ಬಗ್ಗೆ ಎದ್ದ ಕಹಿಮಾತುಗಳನ್ನು ಇಲ್ಲಿ ಕೆದಕುವುದಿಲ್ಲ. ಮುಖ ನೋಡದೆ, ಮಣ್ಣು ಕೊಡದೆ, ಬಾಯಿಗೆ ನೀರು ಬಿಡದೆ ಕಳಿಸಿಕೊಟ್ಟ ಸಾವುಗಳು ಎಷ್ಟೋ ಮನೆಗಳಲ್ಲಿ ಇನ್ನೂ ಮುಗಿದಿಲ್ಲ. ಸೋಂಕು ವಾಸಿಯಾದ ಮೇಲೂ ಎದೆ ಡವಗುಟ್ಟುವುದು, ನಿದ್ದೆ ಬಾರದಿರುವುದು, ಸಾಲದ ದಿಗಿಲು, ಕೆಲಸ ಹೋದ ಗಂಡಸರ ಮೌನ, ಅದರ ಪೆಟ್ಟು ತಿಂದ ಹೆಂಗಸರು. ಮೇ ತಿಂಗಳಲ್ಲಿ ವಾರ್ಡು ಮಟ್ಟದ ತುರ್ತು ಸ್ಪಂದನ ಸಮಿತಿಗಳು ರಚನೆಯಾದವು. ಅಧಿಕಾರಿಗಳು, ವೈದ್ಯರು, ಬಡಾವಣೆಯ ಸ್ವಯಂಸೇವಕರು ಸೇರಿ ಯಾರಿಗೆ ಹಾಸಿಗೆ ಬೇಕು, ಯಾರಿಗೆ ಮನೆಯಲ್ಲೇ ಆರೈಕೆ ಸಾಕು ಎಂದು ನೋಡಿದರು. ದಂಡು ಪ್ರದೇಶದ ಮಸೀದಿ, ಚರ್ಚು, ದೇವಸ್ಥಾನಗಳ ಯುವಕರು ಶವಸಂಸ್ಕಾರದಿಂದ ಆಮ್ಲಜನಕದವರೆಗೆ ಕೈಹಾಕಿದರು. ಪಾಲಿಕೆಯ ಸಭಾಂಗಣ ಖಾಲಿ ಇದ್ದಾಗ ವಾರ್ಡು ಖಾಲಿ ಇರಲಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಸಭೆ ಇಲ್ಲದೆಯೂ ಕೆಲಸ ನಡೆಯುತ್ತದೆ ಎಂದು ಕೆಲವರು ಇದರಿಂದ ತೀರ್ಮಾನಿಸಿದರು. ನನ್ನ ಅಭಿಪ್ರಾಯ ಬೇರೆ. ಸ್ವಯಂಸೇವಕ ಆಮ್ಲಜನಕ ತರಬಲ್ಲ, ಬಜೆಟ್ಟಿನಲ್ಲಿ ಮನೋವೈದ್ಯರ ಹುದ್ದೆಗೆ ಹಣ ಇಡಲಾರ. ಅಧಿಕಾರಿ ಇಡಬಲ್ಲ, ಆದರೆ ಇಡದಿದ್ದರೆ ಕೇಳುವವರಿಲ್ಲ.

2022 ರಿಂದ ಈಚೆಗೆ

2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಟೆಲಿ-ಮನಸ್ ಸಹಾಯವಾಣಿ ಶುರುವಾಯಿತು. ಸಂಖ್ಯೆ 14416, ಕೇಂದ್ರಸ್ಥಾನ ನಿಮ್ಹಾನ್ಸ್. ಕೋವಿಡ್ ಕಾಲದ ಸಹಾಯವಾಣಿಯ ಅನುಭವವೇ ಅದರ ಬುನಾದಿ. 2023ರ ಆರಂಭದಲ್ಲಿ ಪಾಲಿಕೆಯ ವಾರ್ಡುಗಳಲ್ಲಿ ‘ನಮ್ಮ ಕ್ಲಿನಿಕ್’ ಎಂಬ ಹೆಸರಿನ ಚಿಕಿತ್ಸಾಲಯಗಳು ತೆರೆದವು. ಬೌರಿಂಗ್ ಆಸ್ಪತ್ರೆ ಈಗ ಅಟಲ್ ಬಿಹಾರಿ ವಾಜಪೇಯಿ ಹೆಸರಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಬೋಧನಾ ಆಸ್ಪತ್ರೆ. 1868ರ ಆ ಆವರಣದಲ್ಲಿ ಇಂದು ಮನೋವೈದ್ಯಕೀಯ ವಿಭಾಗವಿದೆ, ಹೊರರೋಗಿ ಚೀಟಿ ಮಾಡಿಸಿಕೊಂಡು ಯಾರು ಬೇಕಾದರೂ ಹೋಗಬಹುದು. ಪ್ಲೇಗಿನ ಕಾಲದಲ್ಲಿ ಊಹಿಸಲೂ ಆಗದ ಮಾತು ಇದು. ಅಂದು ದಂಡಿನ ರೋಗಿ ಪೊಲೀಸರ ಕೈಹಿಡಿದು ಪೇಟೆಗೆ ಹೋಗಬೇಕಿತ್ತು.

ಬಿಬಿಎಂಪಿ ಎಂಬ ಹೆಸರು ಈಗ ಚರಿತ್ರೆಗೆ ಸೇರಿದೆ. ಗ್ರೇಟರ್ ಬೆಂಗಳೂರು ಆಡಳಿತ ಕಾಯಿದೆ 2025ರ ಮೇ 15ರಂದು ಜಾರಿಯಾಗಿ, ಸೆಪ್ಟೆಂಬರಿನಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ಶಿವಾಜಿನಗರ ಬೆಂಗಳೂರು ಕೇಂದ್ರ ನಗರ ಪಾಲಿಕೆಗೆ ಸೇರಿತು. 1949ರಲ್ಲಿ ಒಂದಾದ ಪೇಟೆ ಮತ್ತು ದಂಡಿನ ನಡುಭಾಗಗಳು, ಅಂದರೆ ಪೇಟೆಯ ಕಡೆಯ ಗಾಂಧಿನಗರ, ಚಿಕ್ಕಪೇಟೆ, ಚಾಮರಾಜಪೇಟೆಗಳೂ ದಂಡಿನ ಶಿವಾಜಿನಗರವೂ, ಈ ಪಾಲಿಕೆಯಲ್ಲೂ ಒಟ್ಟಿಗೇ ಇವೆ.

ಈ ಸಂಚಿಕೆಯನ್ನು ಓದುವವರಲ್ಲಿ ಮುಂದೆ ಆ ಪಾಲಿಕೆಯ ಸದಸ್ಯರಾಗಿ ಕೂರುವವರೂ ಇರಬಹುದು. ಅವರಲ್ಲಿ ಒಂದು ಕೋರಿಕೆ. ಆರೋಗ್ಯದ ಹೊಣೆ ಹೊತ್ತ ಸಮಿತಿ ಮೊದಲ ಸಲ ಸೇರಿದಾಗ ವಿಷಯಪಟ್ಟಿಯಲ್ಲಿ ಸೊಳ್ಳೆ, ನಾಯಿ, ಕಸಗಳ ಜೊತೆ ಮೂರು ಪ್ರಶ್ನೆ ಸೇರಿಸಿ: ನಮ್ಮ ಆರೋಗ್ಯ ಕೇಂದ್ರಗಳಲ್ಲಿ ಮನೋರೋಗದ ಮಾತ್ರೆ ಮತ್ತು ಇಂಜೆಕ್ಷನ್ ಎಷ್ಟು ವಾರಕ್ಕೆ ದಾಸ್ತಾನಿದೆ? ಊರು ಮತ್ತೆ ಮುಚ್ಚಿದರೆ ಅದನ್ನು ಮನೆಗೆ ಒಯ್ಯುವವರು ಯಾರು? ಮನೆಯಿಲ್ಲದ ರೋಗಿಗೆ ಮೊದಲ ರಾತ್ರಿ ಎಲ್ಲಿ? ಉತ್ತರವನ್ನು ವಾರ್ಡಿನ ಲೆಕ್ಕದಲ್ಲಿ, ಬರವಣಿಗೆಯಲ್ಲಿ ಪಡೆದು, ಸಭೆಯ ನಡಾವಳಿಯಲ್ಲಿ ದಾಖಲಿಸಿ.